ಹರಾಜು ಭಾವನ ಹಲ್ಲುಸೆಟ್ಟು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಿದ್ದರು. ಹಾಗೆಂದು ಅವಳು ಹಲ್ಲಿನ ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಂದ ತೆಗೆದು ಕಳಿಸಿದ ಅಚ್ಚಿಗೆ ಪ್ಲಾಸ್ಟರ್ ಹೊಯ್ದು, ಮೇಣದಲ್ಲಿ ಒಸಡು ಕಟ್ಟಿ, ಹಲ್ಲು ಜೋಡಿಸಿ, ಸೆಟ್ಟು ಮಾಡಿ ಕೊಡುವವಳು. ನಲವತ್ತು ದಾಟಿದ್ದಳು. ಮದುವೆಯಾಗಿರಲಿಲ್ಲ, ಆಗಲಿಲ್ಲವಲ್ಲ ಎಂಬ ಕೊರಗೂ ಇರಲಿಲ್ಲ. ಅಪ್ಪ ಬಿಟ್ಟುಹೋದ ಮನೆಯ ಕೆಳಗಿನ ಭಾಗದಲ್ಲಿ ಅಕ್ಕ ಭಾವ ಇದ್ದರು. ಮಹಡಿಯ ಮೇಲಿನ ಉದ್ದನೆಯ ಕೋಣೆ ಇವಳದು.

ಆ ಕೋಣೆಗೆ ಕಾಲಿಟ್ಟವರು ಮೊದಲು ಕಾಣುತ್ತಿದ್ದುದು ಪುಸ್ತಕ. ಗೋಡೆ ಕಾಣದಷ್ಟು ಪುಸ್ತಕ. ಊಟ ಮಾಡುವಾಗ ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಪುಸ್ತಕ; ಸಾರು ಚೆಲ್ಲಿದ ಪುಟಗಳನ್ನು ನೋಡಿ ಯಾವ ಕಾದಂಬರಿ ಯಾವ ಕಾಲದ್ದೆಂದು ಹೇಳಬಲ್ಲವಳಾಗಿದ್ದಳು. ಪುಸ್ತಕ ಬಿಟ್ಟರೆ ಮೇಜು. ದೊಡ್ಡ ಮರದ ಮೇಜಿನ ಮೇಲೆ ರಟ್ಟಿನ ಕೋಟೆ, ಬಣ್ಣ ಬಳಿದ ಕಾಡು, ಹೆಬ್ಬೆಟ್ಟಿನೆತ್ತರದ ಯೋಧರು, ಕಳ್ಳರು, ರಾಕ್ಷಸರು. ಅಂಗಡಿಯಲ್ಲಿ ಕೊಂಡ ಗೊಂಬೆಗಳಲ್ಲ ಅವು. ಕೆಲಸದಲ್ಲಿ ಉಳಿದ ಪ್ಲಾಸ್ಟರಿನಲ್ಲಿ, ಮೇಣದಲ್ಲಿ ಅವಳೇ ಕೆತ್ತಿದವು. ಆಟದ ದಾಳಗಳನ್ನೂ ಒಸಡಿಗೆ ಬಳಸುವ ಗುಲಾಬಿ ಪ್ಲಾಸ್ಟಿಕ್ಕಿನಲ್ಲೇ ಎರಕ ಹೊಯ್ದಿದ್ದಳು. ಅವನ್ನು ಕಂಡರೆ, ಜೊತೆಗೆ ಆಡಲು ಬರುವ ಗಣಿತದ ಮೇಡಂಗೆ ಅಸಹ್ಯ. ಆದರೂ ಪ್ರತಿ ಭಾನುವಾರ ತಪ್ಪದೆ ಬಂದು ಅವನ್ನೇ ಉರುಳಿಸುತ್ತಿದ್ದರು.

ಭಾನುವಾರ ಮಧ್ಯಾಹ್ನ ಮೇಜಿನ ಸುತ್ತ ನಾಲ್ಕು ಜನ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ ಕತೆ ಕಟ್ಟುವ ಆಟ ಆಡುತ್ತಿದ್ದರು. ಗಣಿತದ ಮೇಡಂ ಮಂತ್ರವಾದಿ, ಬಸ್ಸಿನ ಡ್ರೈವರ್ ಕಳ್ಳ. ಔಷಧಿ ಅಂಗಡಿಯ ಕಂಪೌಂಡರ್‌ಗೆ ಎಲ್ಲರೂ ವೈದ್ಯನ ವೇಷ ಕೊಡಲು ಹೋಗಿದ್ದರು. "ದಿನವಿಡೀ ಅದೇ ಮಾಡ್ತೀನಿ, ಇಲ್ಲಾದ್ರೂ ನಾಲ್ಕು ಜನರನ್ನ ಕೊಲ್ಲೋಕೆ ಬಿಡ್ರಪ್ಪ" ಎಂದು ಅವನು ಕೊಡಲಿಯವನಾಗಿದ್ದ. ಕತೆ ನಡೆಸುವವಳು ಹಲ್ಲಕ್ಕ. ದಾರಿ, ಊರು, ಶತ್ರು, ಮೋಸ ಎಲ್ಲ ಅವಳ ತಲೆಯಿಂದ ಬರಬೇಕು. ದಾಳ ಬಿದ್ದಂತೆ ಅದು ತಿರುಗಬೇಕು. ವರ್ಷಗಳಿಂದ ಒಂದೇ ಕತೆ ಓಡುತ್ತಿತ್ತು.

ಭಾವ ಹರಾಜು ಕೂಗುವವನು. ಮುಚ್ಚಿದ ಹೋಟೆಲು, ಸತ್ತವರ ಮನೆ, ದಿವಾಳಿಯಾದ ಅಂಗಡಿ, ಎಲ್ಲಿಯ ಸಾಮಾನಾದರೂ ಇವನ ಸಭಾಂಗಣಕ್ಕೆ ಬಂದು, ಇವನ ಬಾಯಿಂದಲೇ ಮಾರಿಹೋಗಬೇಕು. ಬಾಯಿಯೋ, ಹುರಿದ ಬೀಜವನ್ನೂ ಬಿತ್ತನೆಗೆಂದು ಮಾರುವಂಥದು. ಮುರಿದ ಕುರ್ಚಿಯನ್ನು ಎತ್ತಿ ಹಿಡಿದು, "ಕಾಲು ಮೂರೇ ಸ್ವಾಮಿ, ಆದ್ರೆ ಕೂತವರು ನಿದ್ದೆ ಮಾಡಲ್ಲ, ಆಫೀಸಿಗೆ ತಗೊಳ್ಳಿ" ಎಂದರೆ ಜನ ನಕ್ಕು ನಕ್ಕು ಕೈ ಎತ್ತುತ್ತಿದ್ದರು.

ಒಂದು ದಿನ ಹಲ್ಲಕ್ಕ ಕ್ಲಿನಿಕ್ಕಿನ ಮೆಟ್ಟಿಲಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಆಪರೇಷನ್ ಆಯಿತು, ಆಸ್ಪತ್ರೆವಾಸ ಉದ್ದವಾಯಿತು. ಅಕ್ಕ ದಿನಾ ಬುತ್ತಿ ತಂದು, ಕೂತು, ಹೆಚ್ಚು ಮಾತಾಡದೆ ಹೋಗುತ್ತಿದ್ದಳು. ಮನೆಗೆ ಮರಳಿ, ಕೋಲೂರಿಕೊಂಡು, ಒಂದೊಂದೇ ಮೆಟ್ಟಿಲು ಹತ್ತಿ ಬಾಗಿಲು ತೆಗೆದರೆ, ಕೋಣೆ ತುಂಬ ಯಾರದೋ ಬೀರುಗಳು, ಸೋಫಾಗಳು, ಸುತ್ತಿಟ್ಟ ಜಮಖಾನಗಳು. ಮಂಚ ಮಾತ್ರ ಮೂಲೆಯಲ್ಲಿತ್ತು. ಪುಸ್ತಕವಿಲ್ಲ. ಮೇಜಿಲ್ಲ.

"ಗೋಡೌನ್ ಸಾಲ್ತಾ ಇರ್ಲಿಲ್ಲಮ್ಮ," ಎಂದ ಭಾವ, ಕಡ್ಡಿಯಿಂದ ಹಲ್ಲು ಚುಚ್ಚಿಕೊಳ್ಳುತ್ತ. "ನಿನ್ನ ಹಳೇ ಪೇಪರು, ಗೊಂಬೆ ಎಲ್ಲ ಹರಾಜಿಗೆ ಹಾಕ್ದೆ. ಧೂಳು ನಿನ್ನ ಕಾಲಿಗೆ ಒಳ್ಳೇದಲ್ಲ."

"ಕಾಲಿಗೆ ಧೂಳು ಏನು ಮಾಡುತ್ತೆ ಭಾವ?"

"ನೋಡು, ನಿನ್ನ ಒಳ್ಳೇದಕ್ಕೆ ಮಾಡಿದ್ದು," ಎಂದು ಅವನು ಇಳಿದುಹೋದ. ಅಕ್ಕ ಮೆಟ್ಟಿಲ ಕೆಳಗೆ ನಿಂತಿದ್ದಳು. ಮುಖ ಎತ್ತಲಿಲ್ಲ.

ನಡೆದದ್ದನ್ನು ಹೇಳಿದವನು ಕಂಪೌಂಡರ್. ಸುದ್ದಿ ಕೇಳಿ ಅಂಗಡಿಗೆ ಬೀಗ ಹಾಕಿ ಓಡಿದ್ದನಂತೆ. ಅಷ್ಟರಲ್ಲಿ ಮುಕ್ಕಾಲು ಮಾರಿಹೋಗಿತ್ತು. ಅವನ ಕೈಗೆ ಸಿಕ್ಕಿದ್ದು ದಾಳಗಳ ಡಬ್ಬಿ ಒಂದೇ. ಅದನ್ನು ಮಂಚದ ಮೇಲಿಟ್ಟು ಮುಚ್ಚಳ ತೆಗೆದು ಹಾಕುತ್ತ ಕೂತ.

"ಇನ್ನೂ ಏನೋ ಇದೆ. ಹೇಳು," ಎಂದಳು ಹಲ್ಲಕ್ಕ.

"ಬೇಡ ಬಿಡು ಹಲ್ಲಕ್ಕ."

"ಹೇಳು ಅಂದೆ."

"ಒಂದೊಂದೇ ಗೊಂಬೆ ಎತ್ತಿ ತೋರಿಸ್ದ. 'ನಮ್ಮ ನಾದಿನಿಗೆ ಗಂಡ ಸಿಗಲಿಲ್ಲ ಸ್ವಾಮಿ, ಅದಕ್ಕೆ ಪ್ಲಾಸ್ಟರಲ್ಲಿ ಮಾಡ್ಕೊಂಡಿದ್ಲು, ಒಬ್ಬನೂ ನಿಲ್ಲಲಿಲ್ಲ' ಅಂದ. ಜನ ಬಿದ್ದು ಬಿದ್ದು ನಕ್ಕರು."

ಹಲ್ಲಕ್ಕ ಅಳಲಿಲ್ಲ. ಸಾಮಾನು ಹೋದದ್ದು ಒಂದು ಉರಿ. ಆ ನಗು ಇನ್ನೊಂದು. ಮೊದಲನೆಯದು ಆರಬಹುದಿತ್ತೇನೋ. ಎರಡನೆಯದನ್ನು ಅವಳು ಬೂದಿ ಮುಚ್ಚಿಟ್ಟು ಕಾದಳು. ಕತೆ ನಡೆಸುವವರಿಗೆ ಕಾಯುವುದು ಗೊತ್ತಿರುತ್ತದೆ. ಶತ್ರು ತಾನಾಗಿಯೇ ಬಾಗಿಲಿಗೆ ಬರುವಂತೆ ದಾರಿ ತೆರೆದಿಟ್ಟರೆ ಸಾಕು. ಇಲ್ಲಿ ಅದನ್ನೂ ಅವಳು ಮಾಡಬೇಕಾಗಲಿಲ್ಲ. ಭಾವನ ಹಲ್ಲುಗಳೇ ಮಾಡಿದವು.

ಬಹಳ ದಿನದಿಂದ ಅವು ಅಲುಗಾಡುತ್ತಿದ್ದವು. ಬೇಸಿಗೆ ಬರುವ ಹೊತ್ತಿಗೆ ಡಾಕ್ಟರು ಉಳಿದವನ್ನೂ ಕಿತ್ತರು. ಒಸಡು ವಾಸಿಯಾದ ಮೇಲೆ ಅಚ್ಚು ತೆಗೆದು ಹಲ್ಲಕ್ಕನಿಗೆ ಕಳಿಸಿದರು. ಆ ಸಂಜೆ ಭಾವ ಬೊಚ್ಚುಬಾಯಲ್ಲಿ ಮೆಟ್ಟಿಲು ಹತ್ತಿ ಬಂದ. ಕೋಣೆ ಖಾಲಿ ಮಾಡಿದ ಮೇಲೆ ಮೊದಲ ಸಲ ಮೆತ್ತಗೆ ಮಾತಾಡಿದ.

"ಚೆನ್ನಾಗಿ ಮಾಡಮ್ಮ. ನನ್ನ ಅನ್ನ ಇರೋದೇ ಬಾಯಲ್ಲಿ."

"ಗೊತ್ತು ಭಾವ," ಎಂದಳು ಹಲ್ಲಕ್ಕ. "ನಿಮಗೆ ತಕ್ಕ ಹಾಗೇ ಮಾಡ್ತೀನಿ."

ಮೊದಲು ಅವಳು ಸರಿಯಾದ ಸೆಟ್ಟನ್ನೇ ಮಾಡಿದಳು. ಕೆಟ್ಟ ಕೆಲಸ ಕೈಯಿಂದ ಹೊರಡುವುದಿಲ್ಲ, ಏನು ಮಾಡುವುದು. ಮೇಣದ ಮೇಲೆ ಹಲ್ಲು ಜೋಡಿಸಿ ಕಳಿಸಿದ್ದನ್ನು ಡಾಕ್ಟರು ಭಾವನ ಬಾಯಲ್ಲಿಟ್ಟು ಮಾತಾಡಿಸಿ, ಭೇಷ್ ಎಂದಿದ್ದರು. ಅದನ್ನು ಪೂರ್ತಿ ಮಾಡಿ, ಹೊಳಪು ಕೊಟ್ಟು, ನೀರಿನ ಡಬ್ಬಿಯಲ್ಲಿ ಮುಳುಗಿಸಿ ಬೀಗ ಹಾಕಿಟ್ಟಳು. ಆಮೇಲೆ ಅದರಂಥದೇ ಇನ್ನೊಂದು ಮಾಡಿದಳು. ನೋಡಲು ಒಂದೇ, ಕಡಿಯಲು, ಅಗಿಯಲು ಒಂದೇ. ಮೇಲಿನ ಮುಂಬಲ್ಲುಗಳ ಹಿಂದೆ, ನಾಲಿಗೆಯ ತುದಿ ಹೋಗಿ ತಾಗುವ ಕಡೆ, ಕೂದಲೆಳೆಯಂಥ ಒಂದು ಕಾಲುವೆ ಮಾತ್ರ ಹೆಚ್ಚಿಗೆ. 'ಸ' ಎನ್ನಲು ಹೋದರೆ ಗಾಳಿ ಅದರೊಳಗೆ ನುಗ್ಗಿ ಸಿಳ್ಳೆಯಾಗಬೇಕು. 'ಮ' ಅನ್ನಲಿ, 'ಕ' ಅನ್ನಲಿ, ಏನೂ ಆಗುವುದಿಲ್ಲ. ಹರಾಜಿನವನ ಬಾಯಲ್ಲಿ ಯಾವ ಅಕ್ಷರ ಹೆಚ್ಚು ಓಡಾಡುತ್ತದೆಂದು ಅವಳು ಯೋಚಿಸಿಯೇ ಇದ್ದಳು.

ಹೊಸ ಸೆಟ್ಟು ಹಾಕಿಕೊಂಡ ಭಾವನಿಗೆ ಮೊದಲ ದಿನವೇ ಇರುಸುಮುರುಸಾಯಿತು. "ಹೊಸತರಲ್ಲಿ ಎಲ್ಲರಿಗೂ ಸ್ವಲ್ಪ ಸಿಳ್ಳೆ ಬರುತ್ತೆ, ಆಮೇಲೆ ಹೋಗುತ್ತೆ" ಎಂದರು ಡಾಕ್ಟರು. ಹೋಗಲಿಲ್ಲ. ಡಾಕ್ಟರು ಸರಿಮಾಡಲೆಂದು ಅದನ್ನು ಹಲ್ಲಕ್ಕನಿಗೇ ಕಳಿಸಿದರು. ಹಲ್ಲಕ್ಕ ಅದನ್ನು ಒರೆಸಿ, ಇನ್ನಷ್ಟು ಹೊಳಪು ಕೊಟ್ಟು, ಹಾಗೇ ಹಿಂದಿರುಗಿಸಿದಳು.

ಅಷ್ಟರಲ್ಲಿ ಒಂದು ದೊಡ್ಡ ಹೋಟೆಲಿನ ಸಾಮಾನು ಹರಾಜಿಗೆ ಬಂತು. ಭಾವ ಮುಂದೂಡುವಂತಿರಲಿಲ್ಲ. ಬೆಳಗ್ಗೆಯೇ ಸಭಾಂಗಣ ತುಂಬಿತು. ಹಲ್ಲಕ್ಕ ಕೋಲೂರಿಕೊಂಡು ಹೋಗಿ ಹಿಂದಿನ ಸಾಲಿನಲ್ಲಿ ಕೂತಳು. ಪಕ್ಕದಲ್ಲಿ ಡ್ರೈವರ್, ಕಂಪೌಂಡರ್.

ಮೊದಲ ಮೇಜಿಗೆ ಸವಾಲು ಏರಿತು. ಭಾವ ಸುತ್ತಿಗೆ ಎತ್ತಿದ. "ಒಂದು ಸಾರಿ..." ಉದ್ದನೆಯ, ಚೂಪಾದ ಸಿಳ್ಳೆ. ಜನ ತಲೆಯೆತ್ತಿದರು. "ಎರಡು ಸಾರಿ..." ಇನ್ನೊಂದು. ಹಿಂದಿನಿಂದ ಯಾರೋ, "ಬಸ್ಸು ಹೊರಡ್ತು, ಬೇಗ ಹತ್ಕೊಳ್ಳಿ" ಎಂದರು. ಸಭೆ ಗೊಳ್ಳೆಂದಿತು.

ಭಾವ ದಡ್ಡನಲ್ಲ. ಮುಂದಿನ ಮೇಜಿಗೆ 'ಒಂದು ಬಾರಿ, ಎರಡು ಬಾರಿ' ಎಂದು ಜಾರಿಕೊಂಡ. ಹಲ್ಲಕ್ಕ ಅದನ್ನೂ ಎಣಿಸಿದ್ದಳು. 'ಸಾರಿ'ಗೆ 'ಬಾರಿ' ಸಿಕ್ಕೀತು. ಸೋಫಾಕ್ಕೆ ಏನು ಸಿಗುತ್ತದೆ? ಸ್ಟೂಲಿಗೆ, ಸ್ಟೀಲು ಪಾತ್ರೆಗೆ, ಸಾಗುವಾನಿ ಬೀರುವಿಗೆ, ಸ್ವಾಮಿಗೆ, ಸವಾಲಿಗೆ? ಸೋಫಾದ ಸರದಿ ಬಂದಾಗ ಅವನು "ಈ... ಮೆತ್ತನೆ ಆಸನ" ಎಂದು ಹೊರಟು, ಆಸನದಲ್ಲೇ ಸಿಕ್ಕಿಬಿದ್ದ. ಈಗ ಸಾಲುಸಾಲೇ ಸಿಳ್ಳೆ ಹಾಕಿ ಉತ್ತರ ಕೊಡತೊಡಗಿತು. ಭಾವನ ಕಿವಿ ಕೆಂಪೇರಿತು. ಸಿಟ್ಟಿನಲ್ಲಿ "ಸುಮ್ನಿರ್ರಿ" ಎಂದ. ಅದಂತೂ ರೈಲು ಬಿಟ್ಟಂತಾಯಿತು. ಕೊನೆಗೆ ಸುತ್ತಿಗೆ ಮೇಜಿನ ಮೇಲೆ ಬಿಸಾಡಿ ಇಳಿದುಹೋದ. ಅರ್ಧಕ್ಕೆ ನಿಂತ ಹರಾಜನ್ನು ಗುಮಾಸ್ತ ಹೇಗೋ ಮುಗಿಸಿದ.

"ನನಗಂತೂ ಬ್ರೇಕ್ ಹಾಕ್ಬೇಕು ಅನ್ನಿಸ್ಬಿಡ್ತು," ಎಂದ ಡ್ರೈವರ್. ಹಲ್ಲಕ್ಕ ನಗಲಿಲ್ಲ. ಆದರೆ ಅಂದು ಊಟ ರುಚಿಸಿತು; ಆಸ್ಪತ್ರೆಯಿಂದ ಬಂದ ಮೇಲೆ ಮೊದಲ ಸಲ.

ಮರುದಿನ ಭಾವ ದಡದಡನೆ ಮೆಟ್ಟಿಲು ಹತ್ತಿ ಬಂದ. ಅವಳು ಮುಚ್ಚುಮರೆ ಮಾಡಲಿಲ್ಲ. ಡಬ್ಬಿ ತೆರೆದು, ನೀರಿನಲ್ಲಿದ್ದ ಇನ್ನೊಂದು ಸೆಟ್ಟನ್ನು ತೋರಿಸಿದಳು.

"ನಿಮ್ಮ ಸರಿಯಾದ ಹಲ್ಲು ಇಲ್ಲಿದೆ ಭಾವ. ಬಾಯಲ್ಲಿರೋದು ಬೇಕಂತ್ಲೇ ಮಾಡಿದ್ದು."

ಭಾವ ಡಬ್ಬಿಗೆ ಕೈ ಚಾಚಿದ; ಅವಳು ಅದನ್ನು ಹಿಂದಕ್ಕೆಳೆದುಕೊಂಡಳು. "ಡಾಕ್ಟರಿಗೆ ಹೇಳ್ತೀನಿ. ನಿನ್ನ ಕೆಲಸ ಕೀಳಿಸ್ತೀನಿ," ಎಂದ. ಆ ಎರಡು ಮಾತಿನಲ್ಲೇ ಎರಡು ಸಿಳ್ಳೆ.

"ಹೇಳಿ. ಅವರಿಗೆ ಅರ್ಥವಾಗೋ ಹಾಗೆ ಹೇಳಿ. ಕೆಲಸ ಹೋದ್ರೆ ಹೋಗ್ಲಿ, ಆದ್ರೆ ಈ ಡಬ್ಬಿ ಕಲ್ಲಿನ ಮೇಲೆ ಬೀಳುತ್ತೆ. ಬೇರೆ ಕಡೆ ಮಾಡಿಸೋಷ್ಟರಲ್ಲಿ ಮುಂದಿನ ಹರಾಜು ಬಂದಿರುತ್ತೆ."

"ಏನು ಬೇಕು ನಿನಗೆ?"

"ನನ್ನ ಸಾಮಾನು. ಮಾರಿದ ಬಾಯಲ್ಲೇ ಮನೆಮನೆಗೆ ಹೋಗಿ ವಾಪಸ್ ಕೇಳ್ಕೊಂಡು ಬನ್ನಿ. ಆಮೇಲೆ ಅದೇ ಸಭೇಲಿ ನಿಂತು, ಮಾಡಿದ್ದೇನು ಅಂತ ಹೇಳಿ. ಆಮೇಲೆ ಹಲ್ಲು."

'ಪುಸ್ತಕ' ಎಂಬ ಮಾತಿನಲ್ಲೂ ಅದೇ ಅಕ್ಷರವಿದೆ; 'ವಾಪಸ್'ನಲ್ಲೂ ಇದೆ. ಭಾವ ಬಾಗಿಲು ಬಾಗಿಲಿಗೆ ನಿಂತು ಸಿಳ್ಳೆ ಹಾಕಿ ಬೇಡಿದ. ಕೆಲವರು ಕನಿಕರದಿಂದ ಕೊಟ್ಟರು. ಕೆಲವರು ಕೊಂಡದ್ದಕ್ಕಿಂತ ಹೆಚ್ಚು ಕೇಳಿದರು, ಕೊಟ್ಟ. ಕ್ಷೌರದಂಗಡಿಯವನಂತೂ, ಕಾಯುವ ಗಿರಾಕಿಗಳಿಗೆಂದು ಇಟ್ಟಿದ್ದ ಪತ್ತೇದಾರಿ ಕಾದಂಬರಿಗಳನ್ನು ಕೊಡುವ ಮೊದಲು, "ಏನಂದ್ರಿ? ಇನ್ನೊಂದ್ಸಲ ಹೇಳಿ, ಕಿವಿ ಮಂದ" ಎಂದು ಗಿರಾಕಿಗಳೆದುರು ಮತ್ತೆ ಮತ್ತೆ ಹೇಳಿಸಿದನಂತೆ. ಕಂಪೌಂಡರ್ ಬಂದು ಅದನ್ನು ಅಭಿನಯಿಸಿ ತೋರಿಸಿದ. ಹಲ್ಲಕ್ಕ ಎರಡನೇ ಸಲವೂ ಮಾಡಿ ತೋರಿಸೆಂದಳು. ಕನಿಕರ ಬರಲಿಲ್ಲವೇ ಎಂದರೆ, ಬಾಗಿಲವರೆಗೆ ಬಂತು. ಅವಳು ಒಳಗೆ ಕರೆಯಲಿಲ್ಲ.

ಬೀರು, ಸೋಫಾಗಳು ಕೆಳಗಿಳಿದವು. ಮೇಜು ಬಂತು. ಪುಸ್ತಕಗಳಲ್ಲಿ ಬಹುಪಾಲು ಬಂದವು, ಕೆಲವು ಹೊದಿಕೆಯಿಲ್ಲದೆ, ಕೆಲವು ಪರರ ಹೆಸರು ಬರೆಸಿಕೊಂಡು. ಗೊಂಬೆಗಳಲ್ಲಿ ಅರ್ಧ ಬರಲೇ ಇಲ್ಲ. ಅವಳು ಎಲ್ಲಕ್ಕಿಂತ ಹೆಚ್ಚು ದಿನ ಕೂತು ಕೆತ್ತಿದ್ದ ರೆಕ್ಕೆಯ ಸರ್ಪವನ್ನು ಒಂದು ಮನೆಯ ಕೂಸು ಕಚ್ಚಿ ಕಚ್ಚಿ ಮೊಂಡು ಮಾಡಿತ್ತು. ಅದನ್ನು ಅಂಗೈಯಲ್ಲಿಟ್ಟು ನೋಡಿದಾಗ ಉರಿ ಮತ್ತೆ ಮೊದಲಿನಿಂದ ಹತ್ತಿಕೊಂಡಿತು.

ಮುಂದಿನ ಹರಾಜಿನ ಬೆಳಗ್ಗೆ ಭಾವ ಕಟ್ಟೆ ಹತ್ತಿದ. ಕೈ ಸುತ್ತಿಗೆಗೆ ಹೋಗಲಿಲ್ಲ. "ನಮ್ಮ ನಾದಿನಿ ಸಾಮಾನು ಇಲ್ಲಿ ಮಾರಿದ್ದೆ. ಅವಳನ್ನ ಕೇಳಿರ್ಲಿಲ್ಲ. ಅವಳ ಬಗ್ಗೆ ಆಡಿದ ಮಾತೂ ಸುಳ್ಳು," ಎಂದ. ಸಿಳ್ಳೆಗಳು ಒಂದೊಂದಾಗಿ ಗೋಡೆಗೆ ಬಡಿದವು. ಹಲ್ಲಕ್ಕ ನಗುವಿಗಾಗಿ ಕಾದಳು. ಯಾರೂ ನಗಲಿಲ್ಲ. ಮುಂದಿನ ಸಾಲಿನವರು ನೆಲ ನೋಡಿದರು. ಅಂದು ನಕ್ಕವರಲ್ಲಿ ಅವರೂ ಇದ್ದರು. ಅವಳಿಗೆ ಏನೋ ಕೈತಪ್ಪಿದಂತಾಯಿತು. ಅವಳನ್ನು ಕಂಡು ನಕ್ಕ ಸಭೆ ಅವನನ್ನು ಕಂಡು ಮೌನವಾಗಿ ಕೂತಿತ್ತು, ಲೆಕ್ಕ ಸರಿಹೋಗಿರಲಿಲ್ಲ. ಆದರೂ ಮಾತಿಗೆ ತಪ್ಪುವವಳಲ್ಲ. ಸಭಾಂಗಣದ ಹಿಂದಿನ ಕೋಣೆಯಲ್ಲಿ ಡಬ್ಬಿ ಕೊಟ್ಟಳು. ಭಾವ ಗೋಡೆಯ ಕಡೆ ತಿರುಗಿ ಹಲ್ಲು ಬದಲಾಯಿಸಿದ. ಥ್ಯಾಂಕ್ಸ್ ಹೇಳಲಿಲ್ಲ, ಅವಳಿಗೂ ಬೇಕಿರಲಿಲ್ಲ. ಆಮೇಲೆ ಅವರಿಬ್ಬರೂ ಒಂದೇ ಮನೆಯಲ್ಲಿದ್ದೂ ಮಾತಾಡಲಿಲ್ಲ.

ಭಾನುವಾರ ಮೇಜಿನ ಸುತ್ತ ಮತ್ತೆ ಜನ ಸೇರಿದರು. ಕಳೆದುಹೋದ ಗೊಂಬೆಗಳ ಬದಲು ಔಷಧಿ ಬಾಟಲಿಯ ಮುಚ್ಚಳಗಳು ನಿಂತವು. ಆಟ ಕುದುರುವಷ್ಟರಲ್ಲಿ ಅಕ್ಕ ಬಂದು ಬಾಗಿಲಲ್ಲಿ ನಿಂತಳು.

"ನಾನೂ ಕೂತ್ಕೋಬಹುದಾ?"

ಹಲ್ಲಕ್ಕ ತಲೆಯೆತ್ತದೆ ಹೇಳಿದಳು: "ಅವತ್ತು ಇದೆಲ್ಲ ಮೆಟ್ಟಿಲಿಳಿದು ಹೋಗುವಾಗ ನೀನು ಬಾಯಿ ಬಿಡಲಿಲ್ಲ ಅಕ್ಕ."

"ಬಿಡಲಿಲ್ಲ," ಎಂದಳು ಅಕ್ಕ. "ನನ್ನ ಹೊಲಿಗೆ ಮಿಷನ್ ಮಾರಿದಾಗ್ಲೂ ಬಿಡಲಿಲ್ಲ. ಅಮ್ಮನ ಪೆಟ್ಟಿಗೆ ಹೋದಾಗ್ಲೂ ಬಿಡಲಿಲ್ಲ. ನೀನು ನನ್ನನ್ನ ಯಾವತ್ತೂ ಕೇಳ್ಲಿಲ್ಲ, ಮಿಷನ್ ಎಲ್ಲಿ ಅಂತ."

ಹಲ್ಲಕ್ಕ ನಿಜವಾಗಿಯೂ ಕೇಳಿರಲಿಲ್ಲ. ಕೆಳಗೆ ಹೊಲಿಗೆಯ ಸದ್ದು ನಿಂತದ್ದು ಅವಳ ಓದಿಗೆ ಅನುಕೂಲವೇ ಆಗಿತ್ತು. ಗಣಿತದ ಮೇಡಂ ಸದ್ದಿಲ್ಲದೆ ಪಕ್ಕಕ್ಕೆ ಸರಿದು ಜಾಗ ಮಾಡಿದರು. ಹಲ್ಲಕ್ಕ ಗೊಂಬೆಗಳ ಡಬ್ಬಿಯಲ್ಲಿ ಹುಡುಕಿ, ಬಂದದ್ದರಲ್ಲಿ ಊನವಾಗದೆ ಉಳಿದ ಒಂದೇ ಹೆಣ್ಣುಗೊಂಬೆಯನ್ನು ಅಕ್ಕನ ಮುಂದಿಟ್ಟಳು.

"ಇವಳು ಯಾರಾಗ್ಬೇಕು? ಮಂತ್ರ ಹಾಕೋಳಾ, ಗಾಯ ವಾಸಿ ಮಾಡೋಳಾ?"

ಅಕ್ಕ ಗೊಂಬೆಯನ್ನು ತಿರುಗಿಸಿ ತಿರುಗಿಸಿ ನೋಡಿದಳು. "ವಾಸಿ ಮಾಡಿದ್ದು ಸಾಕು," ಎಂದಳು. "ಹೊಡೆಯೋಳನ್ನ ಮಾಡು."

ಕಂಪೌಂಡರ್ ತನ್ನ ಕೊಡಲಿಯವನನ್ನು ಕೊಂಚ ಹಿಂದಕ್ಕೆ ಸರಿಸಿಕೊಂಡ. ಹಲ್ಲಕ್ಕ ದಾಳಗಳನ್ನು ಅಕ್ಕನ ಅಂಗೈಗೆ ಸುರಿದಳು.