ಐದು ಸ್ಟಾರಿನ ದುರ್ಬೀನು

ನಯನ ಹುಟ್ಟಿದಾಗಿನಿಂದ ದುರ್ಬೀನು ಹಿಡಿದವಳಲ್ಲ. ಆದರೂ ಒಂದೇ ವಾರದಲ್ಲಿ ಆನ್‌ಲೈನ್ ಅಂಗಡಿಯ ಒಂದು ದುರ್ಬೀನಿನ ಬಗ್ಗೆ ಇಪ್ಪತ್ತು ವಿಮರ್ಶೆ ಬರೆದಿದ್ದಳು, ಇಪ್ಪತ್ತು ಹೆಸರಿನಲ್ಲಿ, ಅದರಲ್ಲೊಂದು ಅವಳದೇ, ಎಲ್ಲಕ್ಕೂ ಐದು ಸ್ಟಾರ್. ‘ಕನ್ನಡಿಯಂತೆ ಸ್ಪಷ್ಟ.’ ‘ಪ್ಯಾಕಿಂಗ್ ಸೂಪರ್.’ ‘ಒಂದು ವಸ್ತು ಎರಡಾಗಿ ಕಾಣುತ್ತದೆ’ ಎಂದು ಯಾರೋ ಪುಣ್ಯಾತ್ಮ ಒಂದೇ ಸ್ಟಾರ್ ಕೊಟ್ಟು ಬರೆದಿದ್ದ. ಆ ಮಾತು ಯಾರ ಕಣ್ಣಿಗೂ ಬೀಳದಂತೆ ಕೆಳಗೆ ತಳ್ಳಬೇಕಿತ್ತು. ಕೆಲಸ ಕೊಡುವ ನವೀನ್ ಹೇಳಿದ್ದು ಅಷ್ಟೇ. ಅವನ ಮುಖವನ್ನೂ ಅವಳು ಕಂಡಿಲ್ಲ. ಶಿಕಾರಿಪುರದ ಬಾಡಿಗೆ ಕೋಣೆಯಲ್ಲಿ ಅವಳ ಫೋನು ಸದ್ದು ಮಾಡಿದರೆ ಅದು ಅವನ ಪಟ್ಟಿ. ಇವತ್ತು ಮಿಕ್ಸಿ, ನಾಳೆ ಚಪ್ಪಲಿ. ಊಟ ಆಯ್ತಾ ಎಂದು ಕೇಳುವ ಒಂದು ಪ್ರಾಣಿಯಿಲ್ಲ.

ಹೀಗಿರುವಾಗ, ಅವಳು ಸ್ವಂತ ಹೆಸರಿನಲ್ಲಿ ಬರೆದಿದ್ದ ವಿಮರ್ಶೆಯ ಕೆಳಗೆ ಒಂದು ಪ್ರಶ್ನೆ ಬಂತು. ಸೊರಬದ ಹತ್ತಿರದ ಹೊಸಬಾಳೆಯ ಧರ್ಮಪ್ಪ ಎಂಬಾತ, ಹೊಲಕ್ಕೆ ಇಳಿಯುವ ಮಂಗಗಳನ್ನು ದೂರದಿಂದಲೇ ಕಾಣಲೆಂದು ಅದೇ ದುರ್ಬೀನು ತರಿಸಿದ್ದ. ಅದರಲ್ಲಿ ಎಲ್ಲವೂ ಎರಡೆರಡು. ನಿಮಗೆಲ್ಲ ಸ್ಪಷ್ಟ ಕಂಡಿದೆ ಅಂದಮೇಲೆ ನನ್ನ ಕಣ್ಣೇ ಹೋಗಿರಬೇಕು, ಅಲ್ಲವೇ ಎಂದು ಕೇಳಿ ನಂಬರು ಕೊಟ್ಟಿದ್ದ.

ನಯನ ಫೋನು ಮಾಡಿದಳು. ಕಣ್ಣಿನ ಭಯಕ್ಕೆ ಧರ್ಮಪ್ಪ ಬೈಕು ಮುಟ್ಟುವುದನ್ನೇ ಬಿಟ್ಟಿದ್ದನಂತೆ. ಬರುವ ಸೋಮವಾರ ಇದ್ದ ಎರಡೆಕರೆಯನ್ನೂ ದಾಯಾದಿಗೆ ಗೇಣಿಗೆ ಬರೆದುಕೊಡಲು ಮಾತಾಗಿತ್ತು. ಎಲ್ಲ ಹೇಳಿ ಮುಗಿಸಿ, ಊಟ ಆತಾ ತಂಗಿ ಎಂದು ಕೇಳಿದ. ಆ ಒಂದು ಮಾತು ಕೇಳಿದ ಮೇಲೆ ನಿಜ ಹೇಳಲಾಗಲಿಲ್ಲ. ನಾನೇ ಸೊರಬಕ್ಕೆ ಬಂದು ನೋಡುತ್ತೇನೆ ಎಂದಳು. ದುರ್ಬೀನನ್ನು ಪರೀಕ್ಷಿಸುವುದು ಹೇಗೆಂದು ಆ ರಾತ್ರಿ ಹುಡುಕಿ ಓದಿದಳು, ಬರೆಯುವ ಮೊದಲು ಓದಬೇಕಿದ್ದುದನ್ನು.

ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಧರ್ಮಪ್ಪ ದುರ್ಬೀನಿನ ಡಬ್ಬಿಯ ಜೊತೆ ಒಂದು ಕೈಚೀಲವನ್ನೂ ಹಿಡಿದು ನಿಂತಿದ್ದ.

“ಸೌತೆಕಾಯಿ. ನಿಂಗೇ ಅಂತ ಕಿತ್ಕೊಂಡು ಬಂದೆ ತಂಗಿ.”

ನಯನ ದುರ್ಬೀನನ್ನು ಕಾಂಪೌಂಡ್ ಗೋಡೆಯ ಮೇಲೆ ಊರಿ, ದೂರದ ನೀರಿನ ಟ್ಯಾಂಕಿಗೆ ಗುರಿಯಿಟ್ಟಳು. ಎಡಗಣ್ಣು ಮುಚ್ಚಿದರೆ ಒಂದು ಟ್ಯಾಂಕು. ಬಲಗಣ್ಣು ಮುಚ್ಚಿದರೂ ಒಂದೇ. ಎರಡೂ ತೆರೆದರೆ, ಟ್ಯಾಂಕಿನ ಹೆಗಲ ಮೇಲೊಂದು ಟ್ಯಾಂಕು.

“ನನಗೂ ಎರಡೇ ಕಾಣ್ತಾವ್ರೀ ಅಣ್ಣ. ನಿಮ್ಮ ಕಣ್ಣು ಸರಿ ಐತಿ. ಒಳಗಿನ ಗಾಜು ಓರೆ ಕೂತಾವ.”

ಧರ್ಮಪ್ಪ ನಂಬಲಿಲ್ಲ, ತನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆ ಅಂದುಕೊಂಡ. ಕಂಪನಿಯವರು ಪರೀಕ್ಷೆ ಮಾಡಿಯೇ ಕಳಿಸಿದ್ದಾರೆಂದು ಡಬ್ಬಿಯ ಮೇಲಿನ ‘ಕ್ಯೂಸಿ ಪಾಸ್’ ತೋರಿಸಿದ. ನಯನ ಉಗುರಿನಿಂದ ಕೆರೆದಳು. ಅಂಟಿಸಿದ ಚೀಟಿಯಲ್ಲ, ಒತ್ತಿದ ಮೊಹರಲ್ಲ. ಡಬ್ಬಿಯ ಜೊತೆಗೇ ಅಚ್ಚಾಗಿದ್ದು. ಒಳಗೆ ದುರ್ಬೀನು ಬೀಳುವ ಮೊದಲೇ ಪಾಸಾಗಿತ್ತು. ಬಡವನ ಕೈಗೆ ಬರುವ ಸಾಮಾನೆಲ್ಲ ಹೀಗೆ ಹುಟ್ಟುವ ಮೊದಲೇ ಪಾಸು. ಫೇಲಾಗುವುದು ಕೊಂಡವನ ಕಣ್ಣು.

“ಹಂಗಾರೆ ನಿಂದು? ಕನ್ನಡಿ ಹಂಗೆ ಕಾಣ್ತೈತೆ ಅಂತ ಬರ್ದಿದ್ಯಲ್ಲ?”

“ನನ್ನ ಹತ್ರ ದುರ್ಬೀನೇ ಇಲ್ರೀ. ಬರಿಯೋದೇ ನನ್ನ ಕೆಲಸ. ಅದಕ್ಕಿರೋ ಐದು ಸ್ಟಾರಿನ ಇಪ್ಪತ್ತೂ ನಾನೇ ಬರ್ದದ್ದು.”

ಧರ್ಮಪ್ಪ ಬರಿಗಣ್ಣಿನಿಂದ ಟ್ಯಾಂಕನ್ನು ಬಹಳ ಹೊತ್ತು ನೋಡಿದ. ಒಂದೇ ಇತ್ತು. ಬೈಯಲಿ ಎಂದು ನಯನ ಕಾದಳು. ಬೈದಿದ್ದರೆ ಅಣ್ಣ ಬೈದ ಅಂತಾದರೂ ಆಗುತ್ತಿತ್ತು. ಸೋಮವಾರ ಗೇಣಿ ಬರೆಯೋಕೆ ಬರಲ್ಲ ಅಂತ ದಾಯಾದಿಗೆ ಹೇಳಬೇಕು ಎಂದು ಅವನು ತನ್ನಷ್ಟಕ್ಕೇ ಅಂದುಕೊಂಡ. ಡಬ್ಬಿ ಕಂಕುಳಿಗೇರಿಸಿದ.

“ಬರ್ತೀನಿ ಮೇಡಂ.”

ಸೌತೆಕಾಯಿಯ ಚೀಲವೂ ಅವನ ಜೊತೆಗೇ ಬಸ್ಸು ಹತ್ತಿತು.

ವಾಪಸು ಬರುವ ದಾರಿಯಲ್ಲಿ ನಯನ ಇಪ್ಪತ್ತನ್ನೂ ಒಂದೊಂದಾಗಿ ಅಳಿಸಿದಳು. ಸ್ವಂತ ಹೆಸರಿನಲ್ಲಿ ಒಂದು ಸ್ಟಾರ್ ಒತ್ತಿ ಬರೆದಳು: ‘ಎರಡೆರಡು ಕಂಡರೆ ನಿಮ್ಮ ಕಣ್ಣನ್ನು ಅನುಮಾನಿಸಬೇಡಿ.’ ಶಿಕಾರಿಪುರದಲ್ಲಿ ಇಳಿಯುವಾಗ ಫೋನು ಒಮ್ಮೆ ಸದ್ದು ಮಾಡಿತು. ನವೀನ್ ಅವಳನ್ನು ಕೆಲಸದ ವಾಟ್ಸಾಪ್ ಗುಂಪಿನಿಂದ ತೆಗೆದಿದ್ದ. ಆಮೇಲೆ ಸದ್ದಿಲ್ಲ.

ಕೋಣೆಯ ಬೀಗ ತೆಗೆದು, ಒಂದು ಹಿಡಿ ಅಕ್ಕಿ ತೊಳೆದು ಒಲೆಯ ಮೇಲಿಟ್ಟಳು.