ಗಣಪನ ವ್ಯಾನಿನ ಬಂಪರ್

ವ್ಯಾನು ಕಂಪನಿಯ ವಕೀಲರು ಬಂಪರನ್ನು ನೆಲದ ಮೇಲೆ ಬೋರಲು ಹಾಕಿ ಒಳಮೈಯನ್ನೆಲ್ಲ ಟಾರ್ಚ್ ಬಿಟ್ಟು ನೋಡಿದರು. ಕಂಪನಿಯ ಹೆಸರಾಗಲಿ ಗುರುತಾಗಲಿ ಎಲ್ಲೂ ಇರಲಿಲ್ಲ. ಆದರೂ ಅವರ ಮುಖ ಸಡಿಲವಾಗಲಿಲ್ಲ. ಶೆಡ್ಡಿನ ಬಾಗಿಲಲ್ಲಿ ಪೊಲೀಸ್ ಪೇದೆ ನಿಂತಿದ್ದ. ಕುಸುಮ ಫೈಬರಿಗೆ ಹಚ್ಚುವ ರೆಸಿನ್ ಅಂಟು ಮೆತ್ತಿದ ಕೈಗಳನ್ನು ಸೆರಗಿನೊಳಗೆ ಮುಚ್ಚಿಕೊಂಡು ಗೋಡೆಗೆ ಒರಗಿದ್ದಳು.

"ಹೆಸರು ಹಾಕದಿದ್ದರೆ ಸಾಲದಮ್ಮ. ಈ ಆಕಾರವೇ ಕಂಪನಿಯದು, ನೋಂದಣಿ ಮಾಡಿಸಿದ್ದಾರೆ," ಎಂದರು ವಕೀಲರು.

ಕುಸುಮಳ ಗಂಡ ನಾಗ ಗಂಗೊಳ್ಳಿಯಲ್ಲಿ ಫೈಬರ್ ದೋಣಿ ದುರಸ್ತಿ ಮಾಡುತ್ತಿದ್ದವನು. ರೆಸಿನ್ನಿನ ಘಾಟಿಗೆ ಉಸಿರು ಕೆಟ್ಟು, ಇನ್ನು ಶೆಡ್ಡಿನೊಳಗೆ ಕಾಲಿಡಬಾರದೆಂದು ಡಾಕ್ಟರು ಹೇಳಿದ ಮೇಲೆ ಕೆಲಸ ಅವಳ ಕೈಗೆ ಬಂತು. ಮೀನು ಸಾಗಿಸುವ ವ್ಯಾನುಗಳ ಕಬ್ಬಿಣದ ಬಂಪರು ಉಪ್ಪುನೀರು ಸುರಿದೂ ಸುರಿದೂ ಎರಡೇ ವರ್ಷದಲ್ಲಿ ತುಕ್ಕು ಹಿಡಿದು ಉದುರುತ್ತಿತ್ತು. ಅಚ್ಚೊಂದಿದ್ದರೆ ದೋಣಿಯ ಫೈಬರಿನಲ್ಲೇ ಬಂಪರ್ ಮಾಡಬಹುದೆಂದು ಅವಳಿಗೆ ಹೊಳೆಯಿತು. ಬೈಂದೂರಿನಿಂದ ಬ್ರಹ್ಮಾವರದವರೆಗಿನ ವ್ಯಾನಿನವರು ಅದನ್ನೇ ಕೇಳಿಕೊಂಡು ಬರತೊಡಗಿದರು. ಕುಂದಾಪುರದಲ್ಲಿ ವಾಹನದ ಬಿಡಿಭಾಗಗಳ ಅಂಗಡಿ ಇಟ್ಟಿದ್ದ ಅವಳ ತಮ್ಮ ರಾಜೀವ ಅವನ್ನು ಮಾರುತ್ತಿದ್ದ.

೨೦೦೯ರಲ್ಲಿ ನೋಟಿಸು ಬಂದದ್ದೂ ಆ ಅಂಗಡಿಗೇ. ಇಂಗ್ಲಿಷಿನಲ್ಲಿದ್ದುದನ್ನು ರಾಜೀವ ಓದಿ ಹೇಳಿದ. ಅಚ್ಚು ಜಪ್ತಿಯಾದರೆ ಮನೆ ನಡೆಯುವುದು ಹೇಗೆಂಬ ಭಯ ಒಂದಾದರೆ, 'ಕದ್ದ ವಿನ್ಯಾಸ' ಎಂಬ ಮಾತು ಅವಳನ್ನು ಇನ್ನೊಂದು ರೀತಿ ಚುಚ್ಚಿತು. ಕೇಳಿದರೆ ನಾವೇ ಚಿತ್ರ ಬರೆದು ಮಾಡಿದ್ದು ಅನ್ನಬೇಕೆಂದು ವಕೀಲರು ಬರುವ ದಿನ ಬೆಳಿಗ್ಗೆ ರಾಜೀವ ನಾಲ್ಕು ಸಲವಾದರೂ ಹೇಳಿಕೊಟ್ಟಿದ್ದ.

ವಕೀಲರು ಈಗ ಅದನ್ನೇ ಕೇಳಿದರು, ಈ ಆಕಾರ ಎಲ್ಲಿಂದ ಬಂತೆಂದು. ಪಕ್ಕದಲ್ಲೇ ನಿಂತಿದ್ದ ರಾಜೀವ ಬಾಯಿ ತೆರೆಯುವಷ್ಟರಲ್ಲಿ ಕುಸುಮ ಮುಂದೆ ಬಂದಳು.

"ನಂಗೆ ಒಂದ್ ಗೀಟ್ ನೆಟ್ಟಗೆ ಎಳುಕ್ ಬತ್ತಿಲ್ಲೆ ಸಾರ್. ಗಣಪಣ್ಣನ ಹಳೇ ವ್ಯಾನಿನ ಬಂಪರ್ ತೆಗ್ದ್ ಅಚ್ಚ್ ಮಾಡಿದ್ದ್."

ರಾಜೀವ ಕಣ್ಣು ಮುಚ್ಚಿಕೊಂಡ. ವಕೀಲರು ಬರೆಯುತ್ತಿದ್ದವರು ತಲೆಯೆತ್ತಿ, ಎಷ್ಟು ಹಳೆಯದೆಂದು ಕೇಳಿದರು.

ಮಂಜುಗಡ್ಡೆ ಕಾರ್ಖಾನೆಯ ಹತ್ತಿರವಿದ್ದ ಗಣಪನಿಗೆ ಹೇಳಿ ಕಳಿಸಿದರು. ಅವನು ವ್ಯಾನನ್ನೇ ತಂದು ಅಂಗಳದಲ್ಲಿ ನಿಲ್ಲಿಸಿ ಕಾಗದಪತ್ರ ಕೊಟ್ಟ. ೧೯೯೧ರ ವ್ಯಾನು. ವಕೀಲರು ಫೈಲಿನಿಂದ ಚಿತ್ರವೊಂದನ್ನು ತೆಗೆದು ಬಂಪರಿನ ಪಕ್ಕ ಹಿಡಿದರು. ಚಿತ್ರದಲ್ಲಿದ್ದದ್ದು ಹೊಸ ವ್ಯಾನು. ಅದರ ಬಂಪರಿನಲ್ಲಿ ದೀಪದ ತೂತು ದುಂಡಗಿತ್ತು. ಕುಸುಮ ಮಾಡಿದ್ದರಲ್ಲೂ ಗಣಪನ ವ್ಯಾನಿನದರಲ್ಲೂ ಚೌಕ. ಅವರು ತೆಂಗಿನಮರದ ಬುಡಕ್ಕೆ ಹೋಗಿ ಫೋನಿನಲ್ಲಿ ಬಹಳ ಹೊತ್ತು ಮಾತಾಡಿದರು.

ತಿರುಗಿ ಬಂದಾಗ ಅವರ ದನಿ ಬೇರೆಯಾಗಿತ್ತು. ಹಳೆಯ ಮಾದರಿಯ ಮೇಲೆ ಕಂಪನಿಗಿದ್ದ ಹಕ್ಕು ಹದಿನೈದು ವರ್ಷಕ್ಕೇ ಮುಗಿದಿದೆಯಂತೆ. ಅಂಗಡಿಯಲ್ಲಿ ನೋಡಿ ಹೋದ ಕಂಪನಿಯವರಿಗೆ ಹಳೆಯದೂ ಹೊಸದೂ ಒಂದೇ ಎಂದು ಕಂಡಿರಬೇಕು.

"ಇದನ್ನು ಮಾಡಿಕೊಳ್ಳಿ. ಹೊಸದರ ತಂಟೆಗೆ ಹೋಗಬೇಡಿ," ಎಂದು ಹೇಳಿ, ಹಾಗೆಂದು ಬರೆದ ಹಾಳೆಗೆ ಅವಳ ಸಹಿ ಹಾಕಿಸಿಕೊಂಡು, ಒಂದು ಪ್ರತಿ ಕೊಟ್ಟು ಹೋದರು. ಅಚ್ಚನ್ನು ಮುಟ್ಟಲಿಲ್ಲ.

ಜೀಪಿನ ಸದ್ದು ಅಡಗುವವರೆಗೂ ರಾಜೀವ ನಿಂತೇ ಇದ್ದ.

"ನಾನ್ ಹೇಳಿದ್ದ್ ಒಂದೂ ನೆನ್ಪ್ ಇರ್ಲಿಲ್ಯಾ ಅಕ್ಕ?"

"ನೆನ್ಪಿತ್ತ್. ಬಾಯಿಗ್ ಬರ್ಲಿಲ್ಲೆ."

ಅವನಿಗೆ ಸಿಟ್ಟಾಗಬೇಕೆನ್ನಿಸಿತು, ನಗು ಬಂತು. ಭಾವನಿಗೆ ಸುದ್ದಿ ಹೇಳಲು ಮನೆಗೆ ಓಡಿದ. ತಿರುಗಿ ಬರುವಾಗ ಕುಸುಮ ಫೈಬರ್ ಚಾಪೆಯ ಸುರುಳಿಗಳಿಗೆ ಒರಗಿ, ಬಾಯಿ ಅರೆ ತೆರೆದು ನಿದ್ದೆ ಹೋಗಿದ್ದಳು. ಅಕ್ಕ ಹಗಲು ಮಲಗಿದ್ದನ್ನು ಅವನು ಎಂದೂ ಕಂಡಿರಲಿಲ್ಲ. ಗಣಪ ವ್ಯಾನು ಹತ್ತಿ ಚಾವಿ ತಿರುಗಿಸಲು ಹೊರಟಿದ್ದ. ರಾಜೀವ ಬೇಡವೆಂದು ಕೈ ಆಡಿಸಿದ. ಗಣಪ ಕೆಳಗಿಳಿದ. ಇಬ್ಬರೂ ಸದ್ದಾಗದಂತೆ ವ್ಯಾನನ್ನು ತಳ್ಳುತ್ತ ರಸ್ತೆಯ ಕಡೆಗೆ ನಡೆದರು.