ಕಿವಿಯೊಳಗಿನ ದೇವರು

ಗಂಟೆಗೆ ನಲವತ್ತು ಕಾಲರ್ ಹೊಲಿಯಬೇಕು. ಒಂದು ಕಡಿಮೆಯಾದರೂ ಸೂಪರ್‌ವೈಸರ್ ಬಂದು ತಲೆಯ ಮೇಲೆ ನಿಲ್ಲುತ್ತಾನೆ. ಅಂಥದ್ದರಲ್ಲಿ ಪಕ್ಕದ ಮಿಷನ್ನಿನ ಅಕ್ಕ ಕೆಲಸ ನಿಲ್ಲಿಸಿ ಇವಳ ಕೈ ಹಿಡಿದುಕೊಂಡಳು.

"ನಾಳೆ ಆಪರೇಷನ್ ಬೇಡ ಅಂದ್ಬಿಟ್ಟೆ ಕಣೇ. ನಿನ್ನೆ ಮೊಬೈಲ್ ಲೈವಲ್ಲಿ ನಿನ್ ಮಗಳು ಹೇಳಿದ್ಲಲ್ಲ, ಎದೆಯ ಎಡಗಡೆ ಗಡ್ಡೆ ಇರೋ ತಾಯಿ, ಕತ್ತರಿ ಮುಟ್ಟಿಸ್ಬೇಡ, ತಾನಾಗೇ ಕರಗುತ್ತೆ ಅಂತ. ಎಡಗಡೆ ಅಂತ ಆ ಕೂಸಿಗೆ ಹೆಂಗೆ ಗೊತ್ತಾಯ್ತು ಹೇಳು? ನಾನು ಬಾಯಿಬಿಟ್ಟಿದ್ದು ನಿನ್ನೊಬ್ಬಳ ಹತ್ರ."

ಮೊನ್ನೆ ಮನೆಯಲ್ಲಿ ಊಟಕ್ಕೆ ಕೂತಾಗ ತನ್ನ ಅಣ್ಣನ ಮುಂದೆ ಆ ಗಡ್ಡೆಯ ವಿಷಯ ಹೇಳಿ ಕಣ್ಣೀರಿಟ್ಟವಳು ಇವಳೇ. ಗಂಡ ಬಿಟ್ಟುಹೋದ ಮೇಲೆ ಇರಲು ಜಾಗ ಕೊಟ್ಟವನು ಆ ಅಣ್ಣ. ಒಂಬತ್ತು ವರ್ಷದ ಮಗಳಿಗೆ ಶಾಲೆ ಬಿಡಿಸಿ, ಬಿಳಿ ಬಟ್ಟೆ ತೊಡಿಸಿ, ಮೊಬೈಲಿನ ಮುಂದೆ ದೇವರ ಕೂಸೆಂದು ಕೂರಿಸಿದವನೂ ಅವನೇ. ಕಾಣಿಕೆಯೆಲ್ಲ ಅವನಿಗೇ. ಮಗು ನಾಲ್ಕು ಒಳ್ಳೆ ಮಾತಾಡಿದರೆ ಯಾರಿಗೇನು ನಷ್ಟ ಎಂದು ಇವಳು ತೆಪ್ಪಗಿದ್ದಳು. ಈಗ ತನ್ನ ಮೇಲೇ ಹೇಸಿಗೆಯಾಯಿತು.

"ಅಕ್ಕ, ಅದು ಅವಳು ಹೇಳಿದ್ದಲ್ಲ, ಅಣ್ಣ ಹೇಳಿಸಿದ್ದು. ನಾಳೆ ಆಸ್ಪತ್ರೆಗೆ ಹೋಗು."

"ಸುಮ್ನಿರೇ. ಹೆತ್ತರೂ ನಿನಗವಳ ಬೆಲೆ ಗೊತ್ತಿಲ್ಲ."

ಇವಳು ಮಿಷನ್ ಆರಿಸಿ ಎದ್ದಳು. ಸೂಪರ್‌ವೈಸರ್ ಕೂಗುತ್ತಲೇ ಇದ್ದ.

ಮನೆಯಲ್ಲಿ ಲೈವ್ ನಡೆದಿತ್ತು. ಮಗಳು ಸ್ಟೂಲಿನ ಮೇಲೆ ಕೂತು ಲೈಟಿನ ಬಿಸಿಗೆ ಬೆವರುತ್ತಿದ್ದಳು. ಅಡುಗೆಮನೆಯಿಂದ ಅಣ್ಣ ಇನ್ನೊಂದು ಮೊಬೈಲಿನಲ್ಲಿ ಪಿಸುಗುಟ್ಟಿದ್ದು ಅವಳ ಕಿವಿಯ ಇಯರ್‌ಫೋನಿಗೆ ಬಂದು ಭವಿಷ್ಯವಾಗುತ್ತಿತ್ತು. ಇವಳು ಅದನ್ನು ಕಿತ್ತು ಕ್ಯಾಮೆರಾಗೆ ಹಿಡಿದಳು.

"ನೋಡ್ಕೊಳ್ಳಿ. ನಿಮ್ಮ ದೇವರು ಅಡುಗೆಮನೇಲಿ ಕೂತು ಇದರಲ್ಲಿ ಮಾತಾಡ್ತಾನೆ."

ಓಡಿಬಂದ ಅಣ್ಣ ಪರದೆ ನೋಡಿ ನಿಂತ. ಭಕ್ತರು ಸಾಲುಸಾಲಾಗಿ ಕೈಮುಗಿದ ಚಿತ್ರ ಕಳಿಸುತ್ತಿದ್ದರು. 'ತಾಯಿಯ ರೂಪದಲ್ಲಿ ನಮಗೆ ಪರೀಕ್ಷೆ' ಎಂದು ಯಾರೋ ಬರೆದಿದ್ದರು. ಕಾಣಿಕೆ ಇನ್ನೂ ಜೋರಾಗಿತ್ತು.

"ಬೈತಾ ಇರು," ಎಂದ ಮೆಲ್ಲಗೆ. "ಚೆನ್ನಾಗಿ ಬರ್ತಿದೆ."

ಇವಳು ಮಗಳ ಕೈ ಹಿಡಿದು ಬಾಗಿಲತ್ತ ನಡೆದಳು.

"ಹೊಸಿಲು ದಾಟಿದ್ರೆ ವಾಪಸ್ ಬರ್ಬೇಡ."

"ಬರಲ್ಲ."

ಕೆಲಸ ಬಿಡುವ ಹೊತ್ತಿಗೆ ತಾಯಿ ಮಗಳು ಫ್ಯಾಕ್ಟರಿ ಗೇಟಿನಲ್ಲಿದ್ದರು. ಹೊರಬಂದ ಹೆಂಗಸರು ಮಗುವನ್ನು ಮುತ್ತಿಕೊಂಡರು. ಅಕ್ಕ ಬಗ್ಗಿ ಅದರ ಕಾಲು ಮುಟ್ಟಲು ಬಂದಳು. ಮಗು ಹಿಂದೆ ಸರಿಯಿತು.

"ನಂಗೇನೂ ಕಾಣಲ್ಲ ದೊಡ್ಡಮ್ಮ. ಮಾವ ಹೇಳಿದ್ದನ್ನೇ ಹೇಳ್ತೀನಿ. ತಪ್ಪಿದ್ರೆ ಊಟ ಕೊಡಲ್ಲ."

ಊಟ ಕೊಡದಿದ್ದದ್ದು ಇವಳಿಗೂ ಗೊತ್ತಿರಲಿಲ್ಲ. ಅಕ್ಕ ನಿಧಾನವಾಗಿ ಎದ್ದು ನಿಂತಳು.

"ಆಸ್ಪತ್ರೆಗೆ ಬೆಳಿಗ್ಗೆ ಹೋಗ್ತೀನಿ," ಎಂದಳು. "ಈಗ ನಿಮ್ಮಣ್ಣನ ಮನೆ ತೋರಿಸು."

ಅವಳ ಹಿಂದೆ ಕಾಲರ್ ಹೊಲಿಯುವವರೆಲ್ಲ ಹೊರಟರು.